ಭಾರಕ್ಕೂ ಕರಗುವುದಕ್ಕೂ ನೆಂಟಸ್ತಿಕೆ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ, ಕೆಳಗಿನ ಎಡಮೂಲೆಯ ಚೌಕದೊಳಗೆ ಎರಡು ಸಾಲು ಅಚ್ಚಾಗಿತ್ತು. ‘ಲೋಹ ಭಾರವಾದಷ್ಟೂ ಅದನ್ನು ಕರಗಿಸಲು ಹೆಚ್ಚು ಶಾಖ ಬೇಕು. ಅದಕ್ಕೇ ಹಗುರವಾದ ಅಲ್ಯೂಮಿನಿಯಂ ಮೊದಲು ಕರಗುತ್ತದೆ, ಭಾರವಾದ ಕಬ್ಬಿಣ ಆಮೇಲೆ.’ ಇದರಲ್ಲಿ ಉದಾಹರಣೆ ಸರಿಯಾಗಿದೆ, ನಿಯಮ ಪೂರಾ ತಪ್ಪು. ಹಾಗಾಗಿಯೇ ಈ ಪತ್ರ. ಬರೀ ತಪ್ಪಾಗಿದ್ದರೆ ಯಾರೋ ಒಬ್ಬರು ಹಿಡಿಯುತ್ತಿದ್ದರು. ತಪ್ಪು ನಿಯಮದ ಪಕ್ಕದಲ್ಲಿ ಸರಿಯಾದ ಉದಾಹರಣೆ ಕೂತರೆ ಅನುಮಾನ ಯಾರಿಗೂ ಬರುವುದಿಲ್ಲ.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಮುಂದಿನ ತಿಂಗಳು ಅವಳಿಗೆ ವಿಜ್ಞಾನದ ಕ್ವಿಜ್ ಇದೆ, ನಿಮ್ಮ ಮಕ್ಕಳ ಪುಟದಿಂದಲೂ ಪ್ರಶ್ನೆ ಬರುತ್ತದೆ ಎಂದು ಹೇಳಿದ್ದಾರಂತೆ. ಚೌಕವನ್ನು ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸಿ ಬಾಯಿಪಾಠ ಮಾಡುತ್ತಾ ಕೂತಿದ್ದಳು. ಇದು ಸರಿಯಿಲ್ಲ ಕಣವ್ವ ಅಂದೆ. ‘ಪೇಪರ್‌ನಲ್ಲೇ ಬಂದಿದೆ ತಾತ. ನೀನ್ ಹೇಳ್ಬಿಟ್ರೆ ಆಗೋಯ್ತಾ?’ ಅಂದಳು. ನಿಮ್ಮ ಪತ್ರಿಕೆಯ ಮೇಲೆ ಅವಳಿಗಿರುವ ಗೌರವ ನನ್ನ ಮೇಲಿಲ್ಲ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನಾನು ಯಾರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಮಂಡ್ಯದ ಪೇಟೆ ಬೀದಿಯ ಹಿಂದಿನ ಗಲ್ಲಿಯಲ್ಲಿ ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನು. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯನ್ನು ನಮ್ಮ ಮೇಷ್ಟ್ರು ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದರು. ನನಗೆ ಅಕ್ಕನೂ ಇರಲಿಲ್ಲ, ಮನೆಯಲ್ಲಿ ಚಿನ್ನವೂ ಇರಲಿಲ್ಲ, ಇದ್ದದ್ದೆಲ್ಲ ಬೇರೆಯವರದ್ದು. ಕಸುಬು ನನ್ನ ಕೈಹಿಡಿಯಲಿಲ್ಲ. ವೆಲ್ಡಿಂಗ್ ಕಲಿತೆ, ಆಮೇಲೆ ಒಂದು ಐಟಿಐನಲ್ಲಿ 31 ವರ್ಷ ಹುಡುಗರಿಗೆ ವೆಲ್ಡಿಂಗ್ ಕಲಿಸಿದೆ. ಹುಟ್ಟಿದ ಮನೆಯಲ್ಲಿ ಊದುಗೊಳವೆ, ಕೆಲಸದಲ್ಲಿ ಗ್ಯಾಸ್ ಟಾರ್ಚ್. ಒಟ್ಟಿನಲ್ಲಿ ಬದುಕೆಲ್ಲ ಯಾವ ಲೋಹ ಯಾವಾಗ ಕರಗುತ್ತದೆ ಎಂದು ಕಾಯುವುದರಲ್ಲೇ ಕಳೆದಿದೆ.

ಬಾಯಿಮಾತಿಗೆ ಮೊಮ್ಮಗಳು ಜಗ್ಗಲಿಲ್ಲ. ಅಟ್ಟದ ಮೇಲೆ ಅಪ್ಪನ ಕಾಲದ ಅಗ್ಗಿಷ್ಟಿಕೆ ಇತ್ತು. ಕೆಳಗಿಳಿಸಿ ಹಿತ್ತಲಿನಲ್ಲಿಟ್ಟು ಇದ್ದಿಲು ಹಾಕಿದೆ. ಅಡುಗೆಮನೆಯಿಂದ ಹಳೇ ಕಬ್ಬಿಣದ ಸೌಟು ತಂದೆ. ಅದರೊಳಗೆ ಮೂರು ಚೂರು ಇಟ್ಟೆ: ಬೀಸುಬಲೆಗೆ ಕಟ್ಟುವ ಸೀಸದ ಗುಂಡು ಒಂದು, ಹಳೇ ಪಾತ್ರೆಯಿಂದ ಕತ್ತರಿಸಿದ ಅಲ್ಯೂಮಿನಿಯಂ ತುಣುಕು ಒಂದು, ಕಬ್ಬಿಣದ ಮೊಳೆ ಒಂದು. ಬೆಂಕಿ ಊದಲಿಲ್ಲ, ತಾನಾಗಿ ಉರಿಯಲು ಬಿಟ್ಟೆ. ಐದಾರು ನಿಮಿಷಕ್ಕೆ ಸೀಸದ ಮೈ ಮಂಕಾಯಿತು, ಅಂಚು ಸಡಿಲವಾಯಿತು, ಆಮೇಲೆ ಒಂದೇ ಸಲಕ್ಕೆ ಕುಸಿದು ಸೌಟಿನ ತಳದಲ್ಲಿ ಹರಡಿಕೊಂಡಿತು. ಮೇಲೆ ಹಾಲಿನ ಕೆನೆಯಂಥ ಬೂದು ಪೊರೆ. ಕಡ್ಡಿಯಲ್ಲಿ ಆ ಪೊರೆ ಸರಿಸಿದರೆ ಕೆಳಗೆ ಕನ್ನಡಿ. ಆ ಕನ್ನಡಿಯ ಮೇಲೆ ಅಲ್ಯೂಮಿನಿಯಂ ತುಣುಕೂ ಕಬ್ಬಿಣದ ಮೊಳೆಯೂ ನೀರಿನ ಮೇಲಿನ ತರಗೆಲೆಯ ಹಾಗೆ ತೇಲುತ್ತಿದ್ದವು.

ಮೊಮ್ಮಗಳು ದೂರದಿಂದಲೇ ಕತ್ತು ಚಾಚಿ ನೋಡಿದಳು. ‘ಮೊಳೆ ತೇಲ್ತಾ ಇದೆ!’ ಅಂದಳು. ತೇಲುತ್ತದೆ ಅಂದರೆ ಏನರ್ಥ? ಕೆಳಗಿರುವುದು ಅದಕ್ಕಿಂತ ಭಾರ. ಮೂರರಲ್ಲಿ ಎಲ್ಲಕ್ಕಿಂತ ಭಾರದ್ದೇ ಮೊದಲು ನೀರಾಗಿದೆ. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಷ್ಟೇ ಗಾತ್ರದ ಕಬ್ಬಿಣ 7.9 ಗ್ರಾಂ, ಕರಗಲು 1538 ಡಿಗ್ರಿ. ಅಲ್ಯೂಮಿನಿಯಂ 2.7 ಗ್ರಾಂ, 660 ಡಿಗ್ರಿ. ಚೌಕ ಬರೆದವರು ಸೀಸವನ್ನು ಬಿಟ್ಟು ಉಳಿದೆರಡನ್ನು ಹಿಡಿದುಕೊಂಡಿದ್ದಾರೆ.

(ಓದುಗರು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಸೀಸ ವಿಷ, ಅದರ ಹೊಗೆಯೂ ಧೂಳೂ ಮಕ್ಕಳಿಗೆ ಬಲು ಕೆಟ್ಟದ್ದು. ನಾನೂ ಗಾಳಿ ಬೀಸುವ ಕಡೆ ಬೆನ್ನು ಮಾಡಿ, ಅವಳನ್ನು ದೂರ ನಿಲ್ಲಿಸಿಯೇ ಮಾಡಿದ್ದು. ಕರಗಿದ ಸೀಸಕ್ಕೆ ನೀರಿನ ಹನಿ ಬಿದ್ದರೂ ಸಿಡಿಯುತ್ತದೆ. ಹುಡುಗನಾಗಿದ್ದಾಗ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಮೀನು ಹಿಡಿಯುವವರು ಬಲೆಗುಂಡು ಎರಕ ಹೊಯ್ಯುವಾಗ, ಒದ್ದೆ ಅಚ್ಚಿಗೆ ನಾನೂ ಸುರಿಯುತ್ತೇನೆ ಎಂದು ಹಟ ಹಿಡಿದ ಗುರುತು ನನ್ನ ಬಲಗೈ ಮೇಲೆ ಇವತ್ತಿಗೂ ಗೋಡಂಬಿಯ ಆಕಾರದಲ್ಲಿದೆ.)

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆಂದರೆ ಚಿನ್ನವನ್ನೂ ಟಂಗ್‌ಸ್ಟನ್ನನ್ನೂ ಅಕ್ಕಪಕ್ಕ ಇಡಬೇಕು. ಎರಡೂ ಘನ ಸೆಂಟಿಮೀಟರ್‌ಗೆ ಹತ್ತಿರ ಹತ್ತಿರ 19.3 ಗ್ರಾಂ. ತಕ್ಕಡಿಗೆ ವ್ಯತ್ಯಾಸ ತಿಳಿಯದಷ್ಟು ಸಮ. ಅದಕ್ಕೇ ಹೊರದೇಶಗಳಲ್ಲಿ ಚಿನ್ನದ ಗಟ್ಟಿಯನ್ನು ಕೊರೆದು ಒಳಗೆ ಟಂಗ್‌ಸ್ಟನ್ ತುಂಬಿ ಮೋಸ ಮಾಡಿದವರಿದ್ದಾರೆ. ತೂಕಕ್ಕೆ ಹಾಕಿದರೂ ಸರಿ, ನೀರಿನಲ್ಲಿ ಮುಳುಗಿಸಿ ಅಳೆದರೂ ಸರಿ ಬರುತ್ತದೆ, ಒರೆಗಲ್ಲಿಗೆ ತೀಡಿದರೆ ಹೊರಮೈಯ ಚಿನ್ನವೇ ಸಾಕ್ಷಿ ಹೇಳುತ್ತದೆ. ಆದರೆ ಮೂಸೆಗೆ ಹಾಕಿದರೆ? ಚಿನ್ನ 1064 ಡಿಗ್ರಿಗೆ ಕರಗುತ್ತದೆ. ಟಂಗ್‌ಸ್ಟನ್ 3422ರವರೆಗೆ ಮಿಸುಕಾಡುವುದಿಲ್ಲ, ಲೋಹಗಳಲ್ಲೆಲ್ಲ ಅದೇ ಕೊನೆಯದು. ತೂಕ ಒಂದೇ, ಕರಗುವ ಬಿಂದುವಿನಲ್ಲಿ 2358 ಡಿಗ್ರಿ ಅಂತರ. ಯಾವುದೇ ಒಡವೆಯ ಬಗ್ಗೆ ಅನುಮಾನ ಬಂದರೆ ನಮ್ಮಪ್ಪ ತಕ್ಕಡಿ ಮುಟ್ಟುತ್ತಿರಲಿಲ್ಲ. ‘ಮೂಸೆಗಾಕು, ಅದೇ ಯೋಳ್ತದೆ’ ಅನ್ನುತ್ತಿದ್ದ.

ಅಪ್ಪ ಚಿನ್ನ ಕರಗಿಸುವುದನ್ನು ನೋಡುವಾಗ ಮಾತಾಡುವಂತಿರಲಿಲ್ಲ. ಮೂಸೆಯೊಳಗೆ ಬಿಳಿಗಾರದ ಪುಡಿ ಮೊದಲು ಉಬ್ಬಿ, ಆಮೇಲೆ ಗಾಜಿನ ಹಾಗೆ ಇಳಿಯುತ್ತಿತ್ತು. ಚಿನ್ನದ ಚೂರುಗಳು ಕೆಂಪಾಗುತ್ತಿದ್ದವು, ಅಷ್ಟೇ. ಎಷ್ಟು ಹೊತ್ತು ಊದಿದರೂ ಕೆಂಪು ಚೂರು ಕೆಂಪು ಚೂರೇ. ಇನ್ನೇನೂ ಆಗುವುದಿಲ್ಲ ಅನ್ನಿಸುವ ಹೊತ್ತಿಗೆ ಒಂದು ಅಂಚು ಒದ್ದೆಯಾದಂತೆ ಹೊಳೆಯುವುದು, ಮರುಕ್ಷಣಕ್ಕೆ ಚೂರೆಲ್ಲ ಒಂದನ್ನೊಂದು ಎಳೆದುಕೊಂಡು ಒಂದೇ ಗುಂಡಾಗಿ ಮೂಸೆಯ ತಳದಲ್ಲಿ ನಡುಗುತ್ತಾ ನಿಲ್ಲುವುದು. ಅಪ್ಪನಿಗೆ ಡಿಗ್ರಿ ಗೊತ್ತಿರಲಿಲ್ಲ. ಬೆಳ್ಳಿ ಚಿನ್ನಕ್ಕಿಂತ ಬೇಗ ಎನ್ನುವುದೂ, ತಾಮ್ರ ಚಿನ್ನಕ್ಕಿಂತ ಒಂದಿಷ್ಟು ತಡ ಎನ್ನುವುದೂ ಅವನ ಕೆನ್ನೆಗೆ ಗೊತ್ತಿತ್ತು, ಊದಿ ಊದಿ. ಬೆಳ್ಳಿ 962, ಚಿನ್ನ 1064, ತಾಮ್ರ 1085. ಕೆನ್ನೆಯ ಲೆಕ್ಕ ಸರಿಯಾಗಿಯೇ ಇತ್ತು.

ಚೌಕದ ಎರಡು ಸಾಲಿನಲ್ಲಿ ಇನ್ನೊಂದು ತಪ್ಪೂ ಅಡಗಿದೆ. ‘ಹೆಚ್ಚು ಶಾಖ ಬೇಕು’ ಎನ್ನುವುದೂ ‘ಹೆಚ್ಚು ಬಿಸಿಯಾಗಬೇಕು’ ಎನ್ನುವುದೂ ಒಂದೇ ಅಲ್ಲ. ಒಂದು ಕಿಲೋ ತಾಮ್ರ ಕರಗಿಸುವುದಕ್ಕಿಂತ ಒಂದು ಕಿಲೋ ಅಲ್ಯೂಮಿನಿಯಂ ಕರಗಿಸಲು ಸುಮಾರು ಒಂದೂವರೆ ಪಟ್ಟು ಶಾಖ ಸುರಿಯಬೇಕು. ತಾಮ್ರ 1085ಕ್ಕೆ, ಅಲ್ಯೂಮಿನಿಯಂ 660ಕ್ಕೆ ಕರಗಿದರೂ ಅಷ್ಟೇ. ಹಗುರವಾದ ಪರಮಾಣು ಅಂದರೆ ಒಂದು ಕಿಲೋದಲ್ಲಿ ತಲೆಗಳ ಎಣಿಕೆ ಜಾಸ್ತಿ, ಒಂದೊಂದು ತಲೆಗೂ ಪಾಲು ಕೊಡಬೇಕು. ಚಿನ್ನಕ್ಕಂತೂ ಅಲ್ಯೂಮಿನಿಯಂನ ಐದರಲ್ಲೊಂದು ಪಾಲು ಶಾಖ ಸಾಕು. ಅಂದರೆ ನೀವು ಬರೆದ ಮಾತನ್ನು ಅಕ್ಷರಶಃ ಹಿಡಿದರೆ ಈ ಮೂರು ಲೋಹಗಳ ಮಟ್ಟಿಗೆ ಅದು ತಲೆಕೆಳಗು.

ಅಲ್ಯೂಮಿನಿಯಂ ವಿಚಾರ ಬಂದಾಗ ಒಬ್ಬ ಹುಡುಗ ನೆನಪಾಗುತ್ತಾನೆ. ಮದ್ದೂರಿನ ಕಡೆಯವನು, ಕಬ್ಬಿಣದ ಬೆಸುಗೆಯಲ್ಲಿ ಕೈ ಪಳಗಿತ್ತು. ಮೊದಲ ದಿನ ಅಲ್ಯೂಮಿನಿಯಂ ತಗಡು ಕೊಟ್ಟೆ. ಕಬ್ಬಿಣವಾದರೆ ಮುಂಚೆಯೇ ಸುಳಿವು ಕೊಡುತ್ತದೆ: ಮಂಕು ಕೆಂಪು, ಕೆಂಡದ ಕೆಂಪು, ಕಿತ್ತಳೆ, ಹಳದಿ, ಬಿಳಿ. ಅವನು ಟಾರ್ಚ್ ಹಿಡಿದು ಆ ಕೆಂಪಿಗಾಗಿ ಕಾದ. ಅಲ್ಯೂಮಿನಿಯಂ ಬೆಳ್ಳಗೇ ಇತ್ತು. ಇನ್ನೂ ಕಾದ. ಇದ್ದಕ್ಕಿದ್ದ ಹಾಗೆ ತಗಡಿನ ನಡುವೆ ಅಂಗೈಯಗಲ ತೂತು, ಕೆಳಗೆ ಅವನ ಷೂ ಮೇಲೆ ಬೆಳ್ಳಿಯ ತೊಟ್ಟು. ಚರ್ಮದ ಷೂ, ಕಾಲು ಉಳಿಯಿತು. ‘ಸಾರ್, ಕೆಂಪೇ ಆಗ್ಲಿಲ್ಲ ಸಾರ್’ ಎಂದು ಅಳುವವನ ಹಾಗೆ ನಿಂತಿದ್ದ. 660 ಡಿಗ್ರಿಗೆ ಬರುವ ಕೆಂಪು ತೀರಾ ಮಂಕು, ಹಗಲು ಬೆಳಕಿನಲ್ಲಿ ಅಲ್ಯೂಮಿನಿಯಂನ ಹೊಳೆಯುವ ಮೈಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಾಗಿ ಅದರ ಮೈಮೇಲೊಂದು ಆಕ್ಸೈಡ್ ಪೊರೆ ಇರುತ್ತದೆ, ಅದು ಕರಗುವುದು 2072 ಡಿಗ್ರಿಗೆ. ಒಳಗಿರುವುದು ಸಾರಾದರೂ ಹೊರಗಿನ ಚೀಲ ಆಕಾರ ಬಿಡುವುದಿಲ್ಲ, ಬಿಟ್ಟಾಗ ಒಟ್ಟಿಗೇ ಬಿಡುತ್ತದೆ. ಆ ಹುಡುಗ ಈಗ ಎಲ್ಲೋ ದೊಡ್ಡ ಕಡೆ ಅಲ್ಯೂಮಿನಿಯಂ ಕೆಲಸವನ್ನೇ ಮಾಡುತ್ತಿದ್ದಾನೆ ಎಂದು ಕೇಳಿದ್ದೇನೆ.

ಸರಿ, ಭಾರ ಕಾರಣವಲ್ಲ ಎಂದಾಯಿತು. ಹಾಗಾದರೆ ಕಾರಣ ಏನು ಎಂದು ಮೊಮ್ಮಗಳು ಪಟ್ಟು ಹಿಡಿದಳು. ಪುಸ್ತಕದಲ್ಲಿ ‘ಲೋಹಬಂಧ’ ಅಂತಿದೆ, ಅದನ್ನು ಹೇಳಿದರೆ ಇನ್ನೊಂದು ಬಾಯಿಪಾಠವಾಗುತ್ತದೆ. ಅದಕ್ಕೆ ಊರಹಬ್ಬದ ಲೆಕ್ಕ ಹೇಳಿದೆ.

ಮಾರಿಹಬ್ಬಕ್ಕೆ ಪ್ರತಿ ಮನೆಯೂ ವಂತಿಗೆ ಕೊಡುತ್ತದೆ. ಕೊಟ್ಟಮೇಲೆ ಆ ದುಡ್ಡು ಯಾವ ಮನೆಯದ್ದೂ ಅಲ್ಲ, ಊರಿನದ್ದು. ಆ ಗಂಟೇ ಊರನ್ನು ಒಟ್ಟಿಗೆ ಹಿಡಿದಿಡುವುದು. ಲೋಹದೊಳಗೂ ಹಾಗೆಯೇ. ಪ್ರತಿ ಪರಮಾಣುವೂ ತನ್ನ ಹೊರಗಿನ ಎಲೆಕ್ಟ್ರಾನುಗಳನ್ನು ಸಾಮಾನ್ಯ ಗಂಟಿಗೆ ಹಾಕುತ್ತದೆ. ಅವು ಊರೆಲ್ಲ ಓಡಾಡಿಕೊಂಡಿರುತ್ತವೆ. ಲೋಹದಲ್ಲಿ ಕರೆಂಟು ಹರಿಯುವುದೂ ಅವುಗಳಿಂದಲೇ. ಸೋಡಿಯಂ ಒಂದು ಕೊಡುತ್ತದೆ, 98 ಡಿಗ್ರಿಗೇ ಕರಗುತ್ತದೆ, ನೀರು ಕುದಿಯುವುದಕ್ಕೂ ಮೊದಲೇ. ಆವರ್ತ ಕೋಷ್ಟಕದಲ್ಲಿ ಅದರ ಪಕ್ಕದ ಮೆಗ್ನೀಸಿಯಂ ಎರಡು ಕೊಡುತ್ತದೆ, 650. ಅದರ ಪಕ್ಕದ ಅಲ್ಯೂಮಿನಿಯಂ ಮೂರು, 660.

ಮೊಮ್ಮಗಳು ಇಲ್ಲೇ ಹಿಡಿದಳು. ‘ಒಂದ್ರಿಂದ ಎರಡಕ್ಕೆ ಐನೂರೈವತ್ತು ಏರ್ತು, ಎರಡ್ರಿಂದ ಮೂರಕ್ಕೆ ಬರೀ ಹತ್ತಾ?’ ಒಪ್ಪಿಕೊಳ್ಳಬೇಕಾಯಿತು. ವಂತಿಗೆ ಒಂದರಿಂದಲೇ ಲೆಕ್ಕ ಕೂಡುವುದಿಲ್ಲ. ಕರಗುವುದು ಅಂದರೆ ಊರು ಬಿಟ್ಟುಹೋಗುವುದಲ್ಲ, ಸಾಲು ಮುರಿಯುವುದು. ಮೆರವಣಿಗೆಯಲ್ಲಿ ಸಾಲಾಗಿ ನಿಂತವರು ಸಾಲು ಬಿಟ್ಟು ಗುಂಪಾಗುತ್ತಾರೆ, ಗುಂಪಾದರೂ ಒಟ್ಟಿಗೇ ಇರುತ್ತಾರೆ. ಊರು ಬಿಡುವುದು ಕುದಿದಾಗ. ಕುದಿಯುವ ಲೆಕ್ಕ ನೋಡಿದರೆ ಮೆಗ್ನೀಸಿಯಂ ಸುಮಾರು 1090 ಡಿಗ್ರಿಗೆ, ಅಲ್ಯೂಮಿನಿಯಂ ಸುಮಾರು 2500ಕ್ಕೆ. ಮೂರು ಕೊಟ್ಟಿದ್ದು ಅಲ್ಲಿ ಕಾಣಿಸುತ್ತದೆ. ಸಾಲು ಮುರಿಯುವುದು ಮಾತ್ರ ಹಿಡಿತದ ಜೊತೆಗೆ ಸಾಲು ಹೇಗೆ ಕಟ್ಟಿದೆ ಎನ್ನುವುದರ ಮೇಲೂ ನಿಂತಿದೆ.

ಇದಕ್ಕೆ ಗ್ಯಾಲಿಯಂ ಒಂದೇ ಸಾಕು. ಆವರ್ತ ಕೋಷ್ಟಕದಲ್ಲಿ ಅಲ್ಯೂಮಿನಿಯಂನ ನೇರ ಕೆಳಗಿನ ಮನೆ, ವಂತಿಗೆಯೂ ಮೂರೇ. ಕರಗುವುದು 29.8 ಡಿಗ್ರಿಗೆ. ಮಂಡ್ಯದ ಏಪ್ರಿಲ್ ಮಧ್ಯಾಹ್ನದಲ್ಲಿ ಮೇಜಿನ ಮೇಲಿಟ್ಟರೆ ತಾನೇ ಹರಿಯುತ್ತದೆ, ಮಾಗಿಯ ಬೆಳಗ್ಗೆ ಕಲ್ಲಿನಂತಿದ್ದರೂ ಅಂಗೈಯಲ್ಲಿ ಇಟ್ಟುಕೊಂಡರೆ ನೀರಾಗುತ್ತದೆ. ಗಟ್ಟಿಯಾಗಿರುವಾಗ ಅದರ ಪರಮಾಣುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತವೆ, ಜೋಡಿಗೂ ಜೋಡಿಗೂ ನಡುವೆ ಹಿಡಿತ ಸಡಿಲ. ಗಂಡ ಹೆಂಡತಿ ಚೆನ್ನಾಗಿದ್ದಾರೆ, ಊರಿನವರ ಜೊತೆ ಬಳಕೆಯಿಲ್ಲ ಅಂದ ಹಾಗೆ. ಆದರೆ ಕುದಿಸಬೇಕೆಂದರೆ 2200 ಡಿಗ್ರಿ ದಾಟಬೇಕು. ಇಂಥದ್ದೊಂದು ಧಾತು ಇದ್ದೇ ತೀರಬೇಕೆಂದು ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ 1871ರಲ್ಲಿ ಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟು ಹೇಳಿದ್ದ, ನಾಲ್ಕು ವರ್ಷಕ್ಕೆ ಸಿಕ್ಕಿತು.

ಎಲ್ಲಕ್ಕಿಂತ ನೋಡಲು ಚೆಂದ ಟಂಗ್‌ಸ್ಟನ್ ಇರುವ ಸಾಲು. ಎಡದಿಂದ ಬಲಕ್ಕೆ ಓದುತ್ತಾ ಹೋಗಿ. ಸೀಸಿಯಂ 28, ಬೇರಿಯಂ 727. ನಡುವೆ ಹದಿನೈದು ಧಾತುಗಳ ಗುಂಪೊಂದಿದೆ, ಅದನ್ನು ದಾಟಿದರೆ ಹ್ಯಾಫ್ನಿಯಂ 2233, ಟ್ಯಾಂಟಲಂ 3017, ಟಂಗ್‌ಸ್ಟನ್ 3422. ಅಲ್ಲಿಂದ ಇಳಿಜಾರು: ರೀನಿಯಂ 3186, ಆಸ್ಮಿಯಂ 3033, ಇರಿಡಿಯಂ 2446, ಪ್ಲಾಟಿನಂ 1768, ಚಿನ್ನ 1064, ಕೊನೆಗೆ ಪಾದರಸ, ಸೊನ್ನೆಗಿಂತ 39 ಕೆಳಗೆ. ಚಾಮುಂಡಿ ಬೆಟ್ಟವನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದ ಹಾಗೆ. ಈ ಬೆಟ್ಟದುದ್ದಕ್ಕೂ ಒಂದೊಂದು ಹೆಜ್ಜೆಗೂ ಪರಮಾಣುವಿನ ತೂಕ ಏರುತ್ತಲೇ ಇದೆ. ಕರಗುವ ಬಿಂದು ಏರಿ, ಇಳಿದು, ನೆಲದೊಳಕ್ಕೇ ಹೋಗಿದೆ.

ಏರಿಕೆ ಯಾಕೆಂದರೆ ಒಂದೊಂದು ಹೆಜ್ಜೆಗೂ ವಂತಿಗೆಗೆ ಒಂದೊಂದು ಎಲೆಕ್ಟ್ರಾನು ಸೇರುತ್ತದೆ, ಟಂಗ್‌ಸ್ಟನ್ ಹೊತ್ತಿಗೆ ಆರೂ ಹಿಡಿತದ ಕೆಲಸಕ್ಕೇ ನಿಂತಿರುತ್ತವೆ. ಆಮೇಲೆ ಬಂದವಕ್ಕೆ ಆ ಜಾಗ ಇಲ್ಲ. ಎಲ್ಲ ಸಂಘದಲ್ಲೂ ನೋಡಿದ್ದೇವಲ್ಲ, ಮೊದಲು ಬಂದವರು ಕೆಲಸಕ್ಕೆ, ತಡವಾಗಿ ಬಂದವರು ತಕರಾರಿಗೆ. ಇರುವ ನೆಲೆಗಳು ಅರ್ಧ ತುಂಬಿದ ಮೇಲೆ ಸೇರುವ ಎಲೆಕ್ಟ್ರಾನುಗಳು ಪರಮಾಣುಗಳನ್ನು ಹತ್ತಿರ ಸೆಳೆಯುವ ಬದಲು ದೂರ ತಳ್ಳುವ ನೆಲೆಗಳಲ್ಲಿ ಕೂರುತ್ತವೆ. ಹಿಡಿತ ಸಡಿಲುತ್ತಾ ಹೋಗುತ್ತದೆ.

ಬೆಟ್ಟದ ತುದಿಯ ಟಂಗ್‌ಸ್ಟನ್ ನಮಗೆ ಹಳೆಯ ಪರಿಚಯ. ಹಳದಿ ಬೆಳಕಿನ ಬಲ್ಬಿನೊಳಗಿನ ಕೂದಲೆಳೆ ಅದೇ, ಸುಮಾರು 2500 ಡಿಗ್ರಿಯಲ್ಲಿ ಕೂತು ಬೆಳಗುತ್ತಿತ್ತು. ಕಬ್ಬಿಣದ ಎಳೆಯಾಗಿದ್ದರೆ ಸ್ವಿಚ್ ಒತ್ತಿದ ಕ್ಷಣಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದಾಗ ಬಲ್ಬಿಗೆ ಇನ್ನೂ ಇಂಗಾಲದ ಎಳೆ. ಟಂಗ್‌ಸ್ಟನ್ನನ್ನು ಮುರಿಯದ ತಂತಿಯಾಗಿ ಎಳೆಯುವುದು 1910ರ ಸುಮಾರಿಗೆ ಅಮೆರಿಕದಲ್ಲಿ ಸಾಧ್ಯವಾಯಿತು. ಕರಗಿಸಿ ಅಚ್ಚಿಗೆ ಹೊಯ್ಯೋಣವೆಂದರೆ ಅದನ್ನು ಹಿಡಿಯಲು ಪಾತ್ರೆ ಯಾವುದು? ಅದಕ್ಕೇ ಅದನ್ನು ಪುಡಿ ಮಾಡಿ, ಒತ್ತಿ, ಕಾಸಿ, ಬಡಿದು ತಂತಿ ಮಾಡುವುದು. ವೆಲ್ಡಿಂಗಿನಲ್ಲಿ ಟಿಗ್ ಎಂಬ ಬಗೆಯ ಬೆಸುಗೆ ಮಾಡುವವರ ಕೈಯ ಸಣ್ಣ ಕಡ್ಡಿಯೂ ಇದೇ ಟಂಗ್‌ಸ್ಟನ್.

ಇನ್ನು ಪಾದರಸ. ಚಿನ್ನಕ್ಕೂ ಪಾದರಸಕ್ಕೂ ಅಂತರ ಒಂದೇ ಒಂದು ಪ್ರೋಟಾನು, ಒಂದೇ ಒಂದು ಎಲೆಕ್ಟ್ರಾನು. ಕರಗುವ ಬಿಂದುವಿನಲ್ಲಿ ಸಾವಿರದ ನೂರು ಡಿಗ್ರಿ ಕುಸಿತ. ಪಾದರಸ ವಂತಿಗೆ ಕೊಡಲು ಮನಸ್ಸಿಲ್ಲದ ಮನೆ. ಹೊರಗಿನ ಎರಡು ಎಲೆಕ್ಟ್ರಾನನ್ನೂ ಒಡಲಿಗೆ ಅವುಚಿಕೊಂಡು ಕೂತಿರುತ್ತದೆ. ಅಷ್ಟು ಯಾಕೆ ಅವುಚಿಕೊಳ್ಳುತ್ತದೆ ಎನ್ನುವುದಕ್ಕೆ ಐನ್‌ಸ್ಟೈನರ ಸಾಪೇಕ್ಷತೆಯ ತನಕ ಹೋಗಬೇಕು. 80 ಪ್ರೋಟಾನುಗಳ ಸೆಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಅಷ್ಟು ವೇಗದಲ್ಲಿ ಅವುಗಳ ನೆಲೆ ಒಳಕ್ಕೆ ಕುಗ್ಗುತ್ತದೆ, ಹೊರಗಿನ ಆ ಎರಡೂ ಜೊತೆಗೇ ಒಳಸೇರುತ್ತವೆ. ವಿಜ್ಞಾನಿಗಳು 2013ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಸಾಪೇಕ್ಷತೆಯನ್ನು ಬದಿಗಿಟ್ಟರೆ ಪಾದರಸದ ಕರಗುವ ಬಿಂದು ನೂರಕ್ಕೂ ಹೆಚ್ಚು ಡಿಗ್ರಿ ಮೇಲೇರುತ್ತದೆ. ಅಂದರೆ ಜ್ವರ ನೋಡುವ ಹಳೇ ಗಾಜಿನ ಕೊಳವೆಯೊಳಗೆ ಅದು ಗಟ್ಟಿ ಕಡ್ಡಿಯಾಗಿ ನಿಂತುಬಿಡುತ್ತಿತ್ತು. ಇದನ್ನು ಕೇಳಿದ ಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನಗೂ ಮೊದಲ ಸಲ ಓದಿದಾಗ ಹಾಗೇ ಆಗಿತ್ತು.

ಕಸುಬಿನವರಿಗೆ ಇದಕ್ಕಿಂತ ದಿನಬಳಕೆಯದು ಬೆರಕೆಯ ವಿದ್ಯೆ. ಮೊಮ್ಮಗಳ ಕಾಲ್ಗೆಜ್ಜೆಯ ಕೊಂಡಿ ಕಿತ್ತುಹೋಗಿತ್ತು, ಬೆಸುಗೆ ಹಾಕುತ್ತಾ ತೋರಿಸಿದೆ. ಬೆಳ್ಳಿಗೆ ಬೆಳ್ಳಿಯಿಂದಲೇ ಬೆಸುಗೆ ಹಾಕಲು ಹೋದರೆ ಗೆಜ್ಜೆಯೂ ಕರಗಿ ಮುದ್ದೆಯಾಗುತ್ತದೆ. ಬೆಸುಗೆ ಮೊದಲು ಕರಗಬೇಕು, ಒಡವೆ ನಿಂತಿರಬೇಕು. ಅದಕ್ಕೆ ಬೆಳ್ಳಿಗೆ ತಾಮ್ರ ಬೆರೆಸುತ್ತಾರೆ. ಬೆಳ್ಳಿ 962, ತಾಮ್ರ ಅದಕ್ಕೂ ಮೇಲೆ 1085. ಬೆರಕೆ ಎರಡರ ನಡುವೆ ಎಲ್ಲೋ ಕರಗಬೇಕು ಅಂದುಕೊಳ್ಳುತ್ತೇವೆ. ಆದರೆ 72 ಪಾಲು ಬೆಳ್ಳಿಗೆ 28 ಪಾಲು ತಾಮ್ರ ಹಾಕಿದರೆ 780ಕ್ಕೇ ಕರಗುತ್ತದೆ, ಎರಡಕ್ಕಿಂತಲೂ ಕೆಳಗೆ! ರೇಡಿಯೋ ರಿಪೇರಿಯವರ ಹಳೇ ಸೋಲ್ಡರ್ ಕೂಡ ಅಷ್ಟೇ: ತವರ 232, ಸೀಸ 327, 63ಕ್ಕೆ 37ರಂತೆ ಬೆರೆಸಿದರೆ 183. ಕರಗಿದಾಗ ಎರಡೂ ಚೆನ್ನಾಗಿ ಬೆರೆಯುತ್ತವೆ. ಗಟ್ಟಿಯಾಗುವಾಗ ಒಂದರ ಸಾಲಿನಲ್ಲಿ ಇನ್ನೊಂದಕ್ಕೆ ಸರಿಯಾಗಿ ಜಾಗವಿಲ್ಲ, ಬೇರೆ ಬೇರೆ ಸಾಲು ಕಟ್ಟಬೇಕು. ಹಾಗಾಗಿ ದ್ರವವಾಗಿರುವುದೇ ಅವಕ್ಕೆ ಹೆಚ್ಚು ಹೊತ್ತು ಸುಖ. ಕುಲ್ಫಿ ಮಾರುವವನು ಡಬ್ಬದ ಸುತ್ತ ಐಸಿಗೆ ಉಪ್ಪು ಸುರಿಯುವುದೂ ಈ ಗುಟ್ಟಿನಿಂದಲೇ. ಕಬ್ಬಿಣದ ಕಥೆಯೂ ಇದೇ. ಶುದ್ಧ ಕಬ್ಬಿಣ 1538, ಆದರೆ ನೂರಕ್ಕೆ ನಾಲ್ಕು ಚಿಲ್ಲರೆ ಪಾಲು ಇಂಗಾಲ ಹೀರಿದರೆ 1150ರ ಹತ್ತಿರವೇ ಕರಗಿ ಅಚ್ಚಿಗೆ ಹರಿಯುತ್ತದೆ. ಎರಕದ ಕಬ್ಬಿಣ ಅನ್ನುವುದು ಅದನ್ನೇ.

ಹಾಗಂತ ಬೆರಕೆಗಳೆಲ್ಲ ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ. ಆ ಒಂದು ಪಾಲು ಬಿಟ್ಟು ಆಚೀಚೆ ಬೆರೆಸಿದರೆ ಆಲೆಮನೆಯ ಪಾಕದ ಹಾಗೆ, ಗಟ್ಟಿಯೂ ಅಲ್ಲ ನೀರೂ ಅಲ್ಲ ಎನ್ನುವ ಹದ ಒಂದಿಷ್ಟು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಕೈ ಅಲ್ಲಾಡಿದರೆ ಬೆಸುಗೆ ಕೆಟ್ಟಿತು. ಎಷ್ಟು ಹುಡುಗರಿಗೆ ಇದಕ್ಕಾಗಿ ಬೈದಿದ್ದೇನೋ ಲೆಕ್ಕವಿಲ್ಲ.

ಬೆಸುಗೆಯ ಮಾತು ಬಂದಮೇಲೆ ಕೆಡಿಎಂ ಬಗ್ಗೆ ಹೇಳದೆ ಇರಲಾರೆ. ಅಂಗಡಿಗಳಲ್ಲಿ ಅದೇನೋ ಪರಿಶುದ್ಧತೆಯ ಮುದ್ರೆ ಎಂಬಂತೆ ‘ಕೆಡಿಎಂ ಚಿನ್ನ’ ಎನ್ನುತ್ತಿದ್ದರು. ಅದು ಚಿನ್ನದ ಜಾತಿಯಲ್ಲ, ಬೆಸುಗೆಯಲ್ಲಿ ಬೆರೆಸಿದ ಕ್ಯಾಡ್ಮಿಯಂನ ಗುರುತು. ತಾಮ್ರ, ಬೆಳ್ಳಿ ಹಾಕಿದ ಹಳೇ ಬೆಸುಗೆಯಿಂದ ಒಡವೆಯ ಮಾಲು, ಅಂದರೆ ಚಿನ್ನದ ಶುದ್ಧತೆ, ಇಳಿಯುತ್ತಿತ್ತು. ಕ್ಯಾಡ್ಮಿಯಂ ಆದರೆ ಚೂರೇ ಸಾಕು, 321 ಡಿಗ್ರಿಗೆ ಕರಗುವ ಅದು ಬೆಸುಗೆಯನ್ನು ಬೇಗ ಕರಗಿಸುತ್ತದೆ, ಮಾಲೂ ಉಳಿಯುತ್ತದೆ. ಆದರೆ ಅದು 767ಕ್ಕೆ ಕುದಿಯುತ್ತದೆ. ಬೆಸುಗೆಯ ಉರಿ ಅದಕ್ಕಿಂತ ಮೇಲೆ. ಕುದಿದದ್ದು ಎಲ್ಲಿಗೆ ಹೋಯಿತು? ಬಗ್ಗಿ ಊದುತ್ತಿದ್ದವನ ಮೂಗಿಗೆ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ನಮ್ಮ ದೊಡ್ಡಪ್ಪನ ಮಗ ಕಿಟಕಿಯಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದ, ಕೊನೆಕೊನೆಗೆ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಿದ್ದ. ಒಬ್ಬ ವೈದ್ಯರು ಬೀಡಿ ಬಿಡು ಅಂದರು. ಅವನು ಬೀಡಿ ಮುಟ್ಟಿದವನೇ ಅಲ್ಲ. ಕೆಲಸ ಏನು ಎಂದು ಯಾರೂ ಕೇಳಲಿಲ್ಲ. ಕರಗುವ ಬಿಂದುವಿನ ಪಕ್ಕದಲ್ಲೇ ಕುದಿಯುವ ಬಿಂದುವನ್ನೂ ಬರೆದು ಗೋಡೆಗೆ ಅಂಟಿಸಿದ್ದರೆ ಅವನು ಒಂದು ಕಿಟಕಿಯನ್ನಾದರೂ ಒಡೆಸುತ್ತಿದ್ದ. ಹಿತ್ತಾಳೆ ಎರಕದವರಿಗೆ ಈ ಎಚ್ಚರ ಮೊದಲಿನಿಂದ ಇದೆ. ಸತು 907ಕ್ಕೆ ಕುದಿಯುತ್ತದೆ, ತಾಮ್ರ ಕರಗುವ ಹೊತ್ತಿಗೆ ಹೊಗೆಯಾಗಿ ಹಾರಿಹೋಗುತ್ತದೆ ಎಂದು ಗೊತ್ತಿರುವುದರಿಂದ ಅದನ್ನು ಕೊನೆಗೆ ಹಾಕಿ, ಮುಖ ತಿರುಗಿಸುತ್ತಾರೆ.

ನಿಮ್ಮ ಚೌಕ ಬರೆದವರನ್ನು ಹಳಿಯುವ ಉದ್ದೇಶ ನನಗಿಲ್ಲ. ಎಲ್ಲಿ ಎಡವಿದರು ಎಂದು ಊಹಿಸಬಲ್ಲೆ. ಕ್ಲೋರಿನ್ ಅನಿಲ, ಅದಕ್ಕಿಂತ ಭಾರದ ಬ್ರೋಮಿನ್ ದ್ರವ, ಇನ್ನೂ ಭಾರದ ಅಯೋಡಿನ್ ಗಟ್ಟಿ. ಇದು ಶಾಲೆಯ ಪಾಠದಲ್ಲಿದೆ, ಅಲ್ಲಿ ಭಾರದ ನಿಯಮ ನಡೆಯುತ್ತದೆ. ಆದರೆ ಅವು ಲೋಹಗಳಲ್ಲ, ಅವುಗಳಲ್ಲಿ ಸಾಮಾನ್ಯ ಗಂಟು ಇಲ್ಲ. ಲೋಹಗಳಿಗೆ ಬಂದು ಕೋಷ್ಟಕದ ಮೊದಲ ಕಂಬಸಾಲನ್ನು ಮೇಲಿನಿಂದ ಕೆಳಗೆ ಓದಿ: ಲಿಥಿಯಂ 180, ಸೋಡಿಯಂ 98, ಪೊಟ್ಯಾಸಿಯಂ 63, ರುಬಿಡಿಯಂ 39, ಸೀಸಿಯಂ 28. ಪರಮಾಣು ಭಾರವಾದಷ್ಟೂ ಬೇಗ ಕರಗುತ್ತಿದೆ. ವಂತಿಗೆ ಎಲ್ಲರದೂ ಒಂದೇ. ಕೆಳಗೆ ಇಳಿದಂತೆ ಪರಮಾಣು ದಪ್ಪವಾಗುತ್ತದೆ, ಮನೆಗಳು ದೂರ ದೂರ, ಹಿಡಿತ ತೆಳು.

ಪತ್ರ ಉದ್ದವಾಯಿತು. ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಸೀಸದ ಮೇಲೆ ಮೊಳೆ ತೇಲಿದ್ದನ್ನು ಮಾತ್ರ ಬಿಡಬೇಡಿ. ಕ್ವಿಜ್ ಮುಂದಿನ ತಿಂಗಳ ಎರಡನೇ ಶನಿವಾರ. ಅದಕ್ಕೆ ಮುಂಚೆ ಎರಡು ಭಾನುವಾರ ಬರುತ್ತವೆ. ತಿದ್ದುಪಡಿ ಹಾಕುವುದಾದರೆ ಅದೇ ಮಕ್ಕಳ ಪುಟದಲ್ಲಿ, ಅದೇ ಎಡಮೂಲೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಹಳೇ ಚೌಕದ ಮೇಲೆ ಸರಿಯಾಗಿ ಕೂರುತ್ತದೆಯೇ ಎಂದು ಮೊಮ್ಮಗಳು ಅಳತೆ ತೆಗೆದು ಇಟ್ಟುಕೊಂಡಿದ್ದಾಳೆ. ಅಷ್ಟರೊಳಗೆ ಬರದಿದ್ದರೆ, ಪ್ರಶ್ನೆ ಕೇಳಿದಾಗ ಏನು ಬರೆಯಲಿ ಎಂದು ಅವಳು ದಿನಾ ಕೇಳುತ್ತಿದ್ದಾಳೆ. ನನ್ನ ಬಳಿ ಉತ್ತರ ಇಲ್ಲ.

ಇತಿ ನಿಮ್ಮ ಓದುಗ,
ನಿವೃತ್ತ ವೆಲ್ಡಿಂಗ್ ಬೋಧಕ, ಮಂಡ್ಯ

ವಿ.ಸೂ.: ಸೀಸ ಕರಗಿಸಿದ ಸೌಟನ್ನು ತೊಳೆದು ಮತ್ತೆ ಅಡುಗೆಮನೆಯಲ್ಲಿ ತೂಗುಹಾಕಲು ಹೋದಾಗ ನನ್ನ ಹೆಂಡತಿ ಅದನ್ನು ಕಿತ್ತು ಹಿತ್ತಲಿಗೆ ಎಸೆದಳು. ವಿಜ್ಞಾನದಲ್ಲಿ ಅವಳದ್ದೇ ಸರಿ. ಹೊಸ ಸೌಟು ತಂದಿದ್ದೇನೆ, ಸ್ಟೀಲಿನದು.